ಒಂದು ದಿನದ ಕಾರ್ಯಾಗಾರಕ್ಕೆ ಹೋಗಿ ಬಂದರೆ ಮೇಷ್ಟ್ರು 'ಡಿಜಿಟಲ್' ಆಗ್ತಾರಾ?

ಈ ಚಿತ್ರ ನಿಮ್ಮ ಗ್ರೂಪಿಗೂ ಬಂದಿರಬಹುದು. ಒಂದು ತ್ರಿಕೋನ. ತುದಿಯಲ್ಲಿ 'ಓದಿದ್ದರಲ್ಲಿ ನೆನಪಿರುವುದು ಶೇ 10' ಎಂದಿರುತ್ತದೆ. ಅದರ ಕೆಳಗೆ 'ಕೇಳಿದ್ದರಲ್ಲಿ ಶೇ 20', ಆಮೇಲೆ 'ನೋಡಿದ್ದರಲ್ಲಿ ಶೇ 30'. ಹೀಗೆ ಇಳಿಯುತ್ತಾ ಬುಡದಲ್ಲಿ 'ಸ್ವತಃ ಮಾಡಿದ್ದರಲ್ಲಿ ಶೇ 90'. ಇದನ್ನೇ ಹಿಡಿದುಕೊಂಡು, ಪಾಠವೆಲ್ಲ ವಿಡಿಯೊ ಆಗಬೇಕು, ಬೋರ್ಡು ಸೀಮೆಸುಣ್ಣದ ಕಾಲ ಮುಗಿಯಿತು ಎನ್ನುವವರಿದ್ದಾರೆ. ಫಾರ್ವರ್ಡ್‌ಗಳಲ್ಲಿ ಮಾತ್ರವಲ್ಲ, ಮೇಷ್ಟ್ರುಗಳಿಗೆ ನಡೆಸುವ ತರಬೇತಿಗಳ ಸ್ಲೈಡುಗಳಲ್ಲೂ ಈ ತ್ರಿಕೋನ ಜಗತ್ತಿನಾದ್ಯಂತ ಓಡಾಡುತ್ತಿದೆ.

ಈ ಅಂಕಿಗಳಿಗೆ ಯಾವ ಅಧ್ಯಯನದ ಆಧಾರವೂ ಇಲ್ಲ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ತಮ್ಮ ಪುಸ್ತಕವೊಂದರಲ್ಲಿ 'ಅನುಭವದ ಶಂಕು' ಎಂಬ ಚಿತ್ರ ಬಿಡಿಸಿದ್ದು ನಿಜ. ಅದರಲ್ಲಿ ಶೇಕಡಾವಾರು ಲೆಕ್ಕ ಒಂದೂ ಇರಲಿಲ್ಲ. ಅಂಕಿಗಳನ್ನು ಯಾರೋ ಬೇರೆಯವರು ಅಂಟಿಸಿದರು. ಮನುಷ್ಯನ ನೆನಪು ಹತ್ತು, ಇಪ್ಪತ್ತು, ಮೂವತ್ತು ಎಂದು ಮೆಟ್ಟಿಲು ಹತ್ತಿದ ಹಾಗೆ ಅಚ್ಚುಕಟ್ಟಾಗಿ ಏರುತ್ತದೆಯೇ ಎಂದು ಒಮ್ಮೆ ಯೋಚಿಸಿದರೂ ಅನುಮಾನ ಬರಬೇಕು. ಏನನ್ನು ಓದಿದ್ದು, ಯಾರು ಓದಿದ್ದು, ಎಷ್ಟು ದಿನದ ಮೇಲೆ ಕೇಳಿದ್ದು ಎಂಬುದು ಚಿತ್ರದಲ್ಲಿ ಇಲ್ಲವೇ ಇಲ್ಲ.

ಸುಳ್ಳು ಅಂಕಿ ಒಂದು ಚಿತ್ರದಲ್ಲಿದ್ದರೆ ಹಾಳಾಗಿಹೋಗಲಿ ಎನ್ನಬಹುದಿತ್ತು. ಆದರೆ 'ಉಪಕರಣ ಬಂದರೆ ಕಲಿಕೆ ತಾನಾಗಿ ಸುಧಾರಿಸುತ್ತದೆ' ಎಂಬ ನಂಬಿಕೆ ಇಂಥ ಚಿತ್ರಗಳಿಂದ ಬಲಗೊಳ್ಳುತ್ತದೆ. ಆ ನಂಬಿಕೆಯ ಮೇಲೆ ಸರ್ಕಾರದ ದುಡ್ಡು, ಮೇಷ್ಟ್ರ ಸಮಯ, ಮಕ್ಕಳ ಸೆಮಿಸ್ಟರ್ ಎಲ್ಲವೂ ಖರ್ಚಾಗುತ್ತವೆ.

ನಾಲ್ಕು ತಾಲ್ಲೂಕಿನ ಲೆಕ್ಕ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. ಶಾಲಾ ಶಿಕ್ಷಣದ ಮಟ್ಟಿಗೆ ಈ ನಾಲ್ಕೂ ಸೇರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಅದಕ್ಕೆ ಮಧುಗಿರಿಯೇ ಕೇಂದ್ರ. ಪದವಿ ಕಾಲೇಜಿನ ವಿಷಯಕ್ಕೆ ಬಂದರೆ ಹಾಗಲ್ಲ. ಪರೀಕ್ಷೆ, ಪಠ್ಯಕ್ರಮಕ್ಕೆ 2004ರಲ್ಲಿ ಶುರುವಾದ ತುಮಕೂರು ವಿಶ್ವವಿದ್ಯಾನಿಲಯದತ್ತ ನೋಡಬೇಕು. ಸರ್ಕಾರಿ ಕಾಲೇಜಿನ ನೇಮಕಾತಿ, ವರ್ಗಾವಣೆ, ಉಪಕರಣಕ್ಕೆ ಬೆಂಗಳೂರಿನ ಕಾಲೇಜು ಶಿಕ್ಷಣ ಇಲಾಖೆಯತ್ತ ನೋಡಬೇಕು.

ಇನ್ನು ಅಧ್ಯಾಪಕರ ತರಬೇತಿ. ಯುಜಿಸಿ 1980ರ ದಶಕದ ಕೊನೆಯಲ್ಲಿ ಇದಕ್ಕೆಂದೇ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಆಮೇಲೆ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಿಂದ ಮಾಳವೀಯ ಮಿಷನ್ ತರಬೇತಿ ಕೇಂದ್ರಗಳು. ಬೋರ್ಡು ಎರಡು ಸಲ ಬದಲಾಯಿತು, ಊರು ಬದಲಾಗಲಿಲ್ಲ. ಕರ್ನಾಟಕದಲ್ಲಿ ಅವು ಇರುವುದು ಬೆಂಗಳೂರು, ಮೈಸೂರು, ಧಾರವಾಡದಂಥ ಹಳೆಯ ವಿಶ್ವವಿದ್ಯಾಲಯಗಳಲ್ಲಿ. ಪಾವಗಡದ ಮೇಷ್ಟ್ರಿಗೆ ತುಮಕೂರೇ ಸುಮಾರು 100 ಕಿಲೋಮೀಟರ್ ದೂರ. ಒಂದು ದಿನದ ಕಾರ್ಯಾಗಾರ ಎಂದರೆ ನಸುಕಿನಲ್ಲಿ ಬಸ್ಸು ಹಿಡಿಯಬೇಕು, ನಡುವೆ ಊಟದ ಬ್ರೇಕು, ಸಂಜೆ ಪ್ರಮಾಣಪತ್ರ ಹಿಡಿದು ಮತ್ತೆ ಬಸ್ಸು. ಹೋದ ಪುಟ್ಟ ಬಂದ ಪುಟ್ಟ ಎಂಬ ಮಾತು ಇಂಥದ್ದಕ್ಕೇ ಇರಬೇಕು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಎಲ್ಲರೂ ರಾತ್ರೋರಾತ್ರಿ ಗೂಗಲ್ ಮೀಟ್, ಝೂಮ್ ಕಲಿತರು. ಆ ದಿನಗಳಲ್ಲೇ ಅಮೆರಿಕದ ಕೆಲವು ಸಂಶೋಧಕರು ಇದನ್ನು ಆನ್‌ಲೈನ್ ಶಿಕ್ಷಣ ಎಂದು ಕರೆಯಬೇಡಿ, 'ತುರ್ತು ದೂರಬೋಧನೆ' ಎನ್ನಿ ಎಂದು ಎಚ್ಚರಿಸಿ ಬರೆದರು. ಮನೆಗೆ ಬೆಂಕಿ ಬಿದ್ದಾಗ ಕೊಡದಲ್ಲಿ ನೀರು ಎರಚುವುದಕ್ಕೂ ಊರಿಗೆ ನಲ್ಲಿ ಹಾಕಿಸುವುದಕ್ಕೂ ಇರುವ ವ್ಯತ್ಯಾಸ ಅದು. 2021ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಪದವಿ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಗೆ 'ಕರ್ನಾಟಕ ಎಲ್‌ಎಂಎಸ್' ಎಂಬ ಕಲಿಕಾ ನಿರ್ವಹಣಾ ವ್ಯವಸ್ಥೆ ತಂದಿತು. ನೋಟ್ಸು, ವಿಡಿಯೊ, ಕ್ವಿಜ್ಜು ಎಲ್ಲ ಒಂದೇ ಕಡೆ ಇರುವ ತಾಣ ಎಂದುಕೊಳ್ಳಿ. ಅದೇ ವರ್ಷ ಲಕ್ಷಕ್ಕೂ ಮೀರಿದ ಪದವಿ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಕಾರ್ಯಕ್ರಮವೂ ನಡೆಯಿತು. ಉಪಕರಣ ಬರಲಿಲ್ಲ ಎಂದು ಹೇಳುವಂತಿಲ್ಲ. ಬಂದದ್ದನ್ನು ಪಾಠಕ್ಕೆ ಹೇಗೆ ಹೊಂದಿಸುವುದು ಎಂಬಲ್ಲಿ ಗಾಡಿ ನಿಂತಿತು.

ಪೆಟ್ಟಿಗೆ ಕೊಟ್ಟರೆ ಸಾಕೇ?

ದಕ್ಷಿಣ ಅಮೆರಿಕದ ಪೆರು ದೇಶ ಗ್ರಾಮೀಣ ಶಾಲೆಗಳ ಮಕ್ಕಳಿಗೆ ತಲಾ ಒಂದರಂತೆ ಲ್ಯಾಪ್‌ಟಾಪ್ ಕೊಟ್ಟಿತ್ತು. ಸುಮಾರು 15 ತಿಂಗಳ ನಂತರ 319 ಶಾಲೆಗಳಲ್ಲಿ ಅಳೆದು ನೋಡಿದರು. ಕಂಪ್ಯೂಟರ್ ಬಳಕೆ ಹೆಚ್ಚಿತ್ತು. ಗಣಿತ ಮತ್ತು ಭಾಷೆಯ ಅಂಕ ಹೆಚ್ಚಿರಲಿಲ್ಲ. 2012ರಲ್ಲಿ ಪ್ರಕಟವಾದ ಈ ವರದಿ ತೋರಿಸಿದ್ದು ಇಷ್ಟೇ: ಪೆಟ್ಟಿಗೆ ಹಂಚುವುದು ಸುಲಭ, ಪಾಠ ಬದಲಾಯಿಸುವುದು ಬೇರೆಯದೇ ಕೆಲಸ.

ಹಾಗೆಂದು ತಂತ್ರಜ್ಞಾನವೇ ದಂಡ ಎಂದು ಇನ್ನೊಂದು ಫಾರ್ವರ್ಡ್ ಮಾಡಬೇಡಿ. ದೆಹಲಿಯಲ್ಲಿ 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶ ಬಳಸಿದ ಸಂಜೆ ಕೇಂದ್ರಗಳಲ್ಲಿ ಕಲಿತ ಶಾಲಾ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಗಮನಾರ್ಹವಾಗಿ ಮುಂದೆ ಬಂದರು. 2019ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಲ್ಲಿ ತಂತ್ರಾಂಶವು ಪ್ರತಿ ಮಗು ಎಲ್ಲಿ ನಿಂತಿದೆ ಎಂದು ಕಂಡುಕೊಂಡು ಅಲ್ಲಿಂದ ಕಲಿಸುತ್ತಿತ್ತು. ಜೊತೆಗೆ ಸಣ್ಣ ಗುಂಪಿಗೆ ಮನುಷ್ಯರೇ ಪಾಠ ಹೇಳುತ್ತಿದ್ದರು. ಫಲ ಕೊಟ್ಟಿದ್ದು ಪರದೆ ಒಂದೇ ಅಲ್ಲ, ಪರದೆಯನ್ನು ಬಳಸಿದ ಬಗೆ.

ಮೇಷ್ಟ್ರ ತರಬೇತಿಗೂ ಇದೇ ಮಾತು. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಯ್ಲರ್ ಎಂಬ ಇಬ್ಬರು ವಿದ್ವಾಂಸರು 2006ರಲ್ಲಿ ವಿವರಿಸಿದ ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿಷಯ ಗೊತ್ತಿರುವುದು, ಕಲಿಸುವುದು ಗೊತ್ತಿರುವುದು, ಉಪಕರಣ ಗೊತ್ತಿರುವುದು ಇವು ಮೂರು ಬೇರೆ ಬೇರೆ ತಿಳಿವಳಿಕೆ. ತರಗತಿಯಲ್ಲಿ ಬೇಕಾಗುವುದು ಮೂರೂ ಕೂಡುವ ಜಾಗ. ಇತಿಹಾಸದ ಮೇಷ್ಟ್ರಿಗೂ ರಸಾಯನಶಾಸ್ತ್ರದ ಮೇಡಂಗೂ ಒಂದೇ ಹಾಲಿನಲ್ಲಿ ಕೂರಿಸಿ 'ಇಲ್ಲಿ ಕ್ಲಿಕ್ ಮಾಡಿ, ಅಲ್ಲಿ ಅಪ್‌ಲೋಡ್ ಮಾಡಿ' ಎಂದು ಹೇಳಿದರೆ ಮೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕ ಹಾಗಾಯಿತು. ಶಿರಾದ ಇತಿಹಾಸದ ಮೇಷ್ಟ್ರು ಊರಿನ ಕೋಟೆಯನ್ನೂ ಮೊಘಲರ ಕಾಲದ ಕಟ್ಟಡಗಳನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ ಪಾಠ ಮಾಡಬಹುದು. ರಸಾಯನಶಾಸ್ತ್ರಕ್ಕೆ ಬೇಕಾಗುವುದು ಅಣುವನ್ನು ತಿರುಗಿಸಿ ತೋರಿಸುವ ಚಿತ್ರ. ಇಬ್ಬರಿಗೂ ಒಂದೇ ಸ್ಲೈಡು ಹೇಗೆ ಸಾಕಾದೀತು?

ಹಾಗಾದರೆ ಯಾವ ತರಬೇತಿ ಫಲ ಕೊಡುತ್ತದೆ? ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 60 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2018ರಲ್ಲಿ ಬರೆದರು. ಅನುಭವಿಯೊಬ್ಬರು ಶಿಕ್ಷಕರ ಪಾಠವನ್ನೇ ನೋಡಿ, ಮಾತಾಡಿ, ಮತ್ತೆ ಮತ್ತೆ ಬಂದು ತಿದ್ದುವ ಕ್ರಮದಿಂದ ಬೋಧನೆ ಚೆನ್ನಾಗಿಯೇ ಸುಧಾರಿಸಿತು. ಮಕ್ಕಳ ಅಂಕದಲ್ಲೂ ಅದು ಕಂಡಿತು, ಅಷ್ಟಲ್ಲದಿದ್ದರೂ. ಇವು ಹೆಚ್ಚಾಗಿ ಅಮೆರಿಕದ ಶಾಲೆಗಳ ಮಾತು, ನಮ್ಮ ಪದವಿ ಕಾಲೇಜಿಗೆ ಅಳತೆ ತಪ್ಪದೆ ಹೊಂದುತ್ತದೆ ಎನ್ನಲಾಗದು. ಅದೇ ವರದಿಯ ಇನ್ನೊಂದು ಸಾಲನ್ನು ನಮ್ಮ ಯೋಜನೆ ಮಾಡುವವರು ಓದಬೇಕು: ಕಾರ್ಯಕ್ರಮ ದೊಡ್ಡದಾದಷ್ಟೂ ಪರಿಣಾಮ ತೆಳ್ಳಗಾಯಿತು. ಸಾವಿರ ಜನರನ್ನು ಒಂದೇ ವೆಬಿನಾರಿನಲ್ಲಿ ಕೂರಿಸಿದೆವು ಎಂಬುದು ಪತ್ರಿಕಾ ಪ್ರಕಟಣೆಗೆ ಒಳ್ಳೆಯ ಸಾಲು, ಅಷ್ಟೇ.

ನಮ್ಮಲ್ಲೇ ಬೇರೆ ದಾರಿ ಹಿಡಿದವರಿದ್ದಾರೆ. ಐಐಟಿ ಬಾಂಬೆ 'ಹತ್ತು ಸಾವಿರ ಶಿಕ್ಷಕರ ತರಬೇತಿ'ಯನ್ನು ನಡೆಸಿದಾಗ ದೇಶದ ಎಂಜಿನಿಯರಿಂಗ್ ಅಧ್ಯಾಪಕರನ್ನೆಲ್ಲ ಮುಂಬೈಗೆ ಕರೆಸಲಿಲ್ಲ. ಅವರವರ ಊರಿಗೆ ಹತ್ತಿರದ ಕಾಲೇಜನ್ನು ಕೇಂದ್ರ ಮಾಡಿ, ಪಾಠ ನೇರಪ್ರಸಾರದಲ್ಲಿ, ಅಭ್ಯಾಸ ಸ್ಥಳೀಯ ಸಂಯೋಜಕರ ಜೊತೆ ನಡೆಯುವಂತೆ ಮಾಡಿತು. ಅದೇ ಸಂಸ್ಥೆಯ 'ಸ್ಪೋಕನ್ ಟ್ಯುಟೋರಿಯಲ್'ಗಳು ಕನ್ನಡದಲ್ಲೂ ಇವೆ. ಒಂದೊಂದು ಸುಮಾರು ಹತ್ತು ನಿಮಿಷ, ಒಂದು ಕಡೆ ನೋಡುತ್ತಾ ಪಕ್ಕದಲ್ಲೇ ಮಾಡುತ್ತಾ ಹೋಗಬಹುದು. ಕರ್ನಾಟಕದ ಪ್ರೌಢಶಾಲಾ ಶಿಕ್ಷಕರು ಹತ್ತು ವರ್ಷಕ್ಕೂ ಹಿಂದೆಯೇ ವಿಷಯವಾರು ವೇದಿಕೆ ಕಟ್ಟಿಕೊಂಡು, ತಾವೇ ಸಿದ್ಧಪಡಿಸಿದ ಸಾಮಗ್ರಿಯನ್ನು 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ತಾಣದಲ್ಲಿ ಹಂಚಿಕೊಂಡಿದ್ದಾರೆ. ಮಧುಗಿರಿಯನ್ನು ಕೇಂದ್ರ ಮಾಡಿಕೊಂಡು ನಾಲ್ಕು ತಾಲ್ಲೂಕಿನ ಕಾಲೇಜು ಅಧ್ಯಾಪಕರು ತಿಂಗಳಿಗೊಂದು ಶನಿವಾರ ವಿಷಯವಾರು ಸೇರಲು ದೊಡ್ಡ ಆದೇಶವೇನೂ ಬೇಕಾಗಿಲ್ಲ.

ನುಡಿಯಲ್ಲಿ ಟೈಪಿಸಿದ ನೋಟ್ಸು ಫೋನಿನಲ್ಲಿ ಯಾಕೆ ಕಲಸಿಹೋಗುತ್ತದೆ?

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ಮಟ್ಟಿಗೆ ಅತಿ ಹೆಚ್ಚು ತೊಂದರೆ ಕೊಡುವ ವಿಷಯ ಇದು. ತರಬೇತಿಗಳಲ್ಲಿ ಇದಕ್ಕೆ ಅರ್ಧ ಗಂಟೆಯೂ ಸಿಗುವುದಿಲ್ಲ.

ಹಳೆಯ ನುಡಿ, ಬರಹ ಫಾಂಟುಗಳು ಒಂದು ಉಪಾಯ ಮಾಡಿದ್ದವು. ಕಂಪ್ಯೂಟರ್ ಒಳಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಯೇ ಇರುತ್ತಿತ್ತು. ಪರದೆ ಮೇಲೆ ಮಾತ್ರ ಆ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕಾಣುತ್ತಿತ್ತು. ಆ ಕಾಲಕ್ಕೆ ಅದು ಬುದ್ಧಿವಂತಿಕೆಯ ಪರಿಹಾರ, ಕನ್ನಡವನ್ನು ಕಚೇರಿಗಳಿಗೆ ತಂದದ್ದೇ ಅದು. ಆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಮುಖವಾಡ ಕಳಚಿ ಒಳಗಿನ ಇಂಗ್ಲಿಷ್ ಅಕ್ಷರಗಳೇ ಹೊರಬರುತ್ತವೆ. ತಲೆ ಮೇಲೆ ಗೀಟು, ಚುಕ್ಕೆ ಹೊತ್ತ ಅಕ್ಷರಗಳ ಸಂತೆಯನ್ನು ನೀವೂ ನೋಡಿರುತ್ತೀರಿ. ಮೇಷ್ಟ್ರು ವರ್ಷಗಟ್ಟಲೆ ಶ್ರಮಪಟ್ಟು ಬರೆದ ನೋಟ್ಸು ವಿದ್ಯಾರ್ಥಿಯ ಫೋನಿನಲ್ಲಿ ಹೀಗೆ ಕಾಣುತ್ತದೆ. ಹುಡುಗಿ 'ಸರ್, ಓಪನ್ ಆಗ್ತಿಲ್ಲ' ಅನ್ನುತ್ತಾಳೆ, ಮೇಷ್ಟ್ರು 'ನನಗೆ ಆಗ್ತಿದೆಯಲ್ಲಮ್ಮ' ಅನ್ನುತ್ತಾರೆ. ಇಬ್ಬರೂ ಹೇಳುವುದು ನಿಜ.

ಯುನಿಕೋಡ್‌ನಲ್ಲಿ ಕನ್ನಡದ 'ಕ'ಗೆ ಅದರದ್ದೇ ಸಂಖ್ಯೆ ಇದೆ. ಯಾವ ಫೋನಿನಲ್ಲಿ ತೆರೆದರೂ 'ಕ' ಕ ಆಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ, ಕಣ್ಣು ಕಾಣದ ವಿದ್ಯಾರ್ಥಿಗೆ ಫೋನು ಓದಿ ಹೇಳುತ್ತದೆ. ನುಡಿಯಲ್ಲೂ ಈಗ ಯುನಿಕೋಡ್ ಆಯ್ಕೆ ಇದೆ. ಹಳೆಯ ಕಡತಗಳನ್ನು ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಉಳಿಯುವುದರಿಂದ ಒಮ್ಮೆ ಕಣ್ಣಾಡಿಸಬೇಕು. ಟೈಪಿಂಗ್ ಕಷ್ಟವೆನ್ನುವವರು ಫೋನಿನ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗಿ ಮೂಡುತ್ತದೆ. ಐವತ್ತೈದು ದಾಟಿದ ಕನ್ನಡ ಮೇಷ್ಟ್ರಿಗೆ ಇದೊಂದನ್ನು ಕೂತು ತೋರಿಸಿಕೊಟ್ಟರೆ ಸ್ಮಾರ್ಟ್ ಬೋರ್ಡಿನ ಹತ್ತು ಗುಂಡಿಗಿಂತ ಹೆಚ್ಚು ಪ್ರಯೋಜನವಿದೆ.

ವಯಸ್ಸಿನ ಮಾತು ಬಂದಿತು. 'ಹೊಸ ಹುಡುಗರು ಹುಟ್ಟಾ ಡಿಜಿಟಲ್, ಹಳಬರಿಗೆ ಇದೆಲ್ಲ ಆಗದು' ಎಂಬುದೂ ಒಂದು ಚಾಲ್ತಿಯ ನಂಬಿಕೆ. 2001ರಲ್ಲಿ ಮಾರ್ಕ್ ಪ್ರೆನ್ಸ್ಕಿ ಎಂಬ ಲೇಖಕ ಚಲಾವಣೆಗೆ ತಂದ ವಿಚಾರ ಇದು. ಕಿರ್ಷ್‌ನರ್ ಮತ್ತು ಡಿ ಬ್ರೌಕೆರೆ 2017ರಲ್ಲಿ ಪುರಾವೆಗಳನ್ನು ಪರಿಶೀಲಿಸಿ ಅಂಥ 'ಹುಟ್ಟಾ ಡಿಜಿಟಲ್' ತಳಿ ಯಾವುದೂ ಇಲ್ಲ ಎಂದರು. ರೀಲ್ಸ್ ಮಾಡುವ ಹುಡುಗನಿಗೆ ಎಕ್ಸೆಲ್ ಹಾಳೆಯಲ್ಲಿ ಹಾಜರಾತಿ ಲೆಕ್ಕ ಹಾಕಲು ಬರಬೇಕೆಂದೇನಿಲ್ಲ.

ವಿದ್ಯಾರ್ಥಿಯ ಫೋನಿನಿಂದ ಶುರುಮಾಡಿ

ಪಾವಗಡದಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಸುಮಾರು 13,000 ಎಕರೆಯಲ್ಲಿ ಹರಡಿಕೊಂಡ ಅದನ್ನು ನೋಡಿದವರಿಗೆ ಈ ಸೀಮೆಯನ್ನು ಹಿಂದುಳಿದದ್ದು ಎನ್ನಲು ಬಾಯಿ ಬರುವುದಿಲ್ಲ. ಆದರೂ ವಿದ್ಯಾರ್ಥಿಯ ಕೈಯಲ್ಲಿರುವುದು ದಿನಕ್ಕೆ ಒಂದೋ ಎರಡೋ ಜಿಬಿ ಡೇಟಾ. ಕೆಲವು ಮನೆಗಳಲ್ಲಿ ಅದೂ ಅಣ್ಣನ ಫೋನು. ಮೊಬೈಲ್ ತರಂಗಗಳಿಗೆ ಬಂಡೆ ಅಡ್ಡ ಬಂದರೆ ಬಲ ಕುಗ್ಗುತ್ತದೆ. ಮಧುಗಿರಿ, ಕೊರಟಗೆರೆಯ ಬೆಟ್ಟಗಳ ಮರೆಯ ಹಳ್ಳಿಗಳಲ್ಲಿ ಸಿಗ್ನಲ್ಲಿಗಾಗಿ ಮಾಳಿಗೆ ಹತ್ತುವುದು ಸೋಮಾರಿತನದ ನೆಪವಲ್ಲ, ಭೌತಶಾಸ್ತ್ರ.

ಒಂದು ಗಂಟೆಯ ಲೈವ್ ವಿಡಿಯೊ ಪಾಠ ನೂರಾರು ಎಂಬಿ ತಿನ್ನುತ್ತದೆ. ಅದೇ ವಾಟ್ಸ್‌ಆ್ಯಪ್ ಧ್ವನಿ ಸಂದೇಶದಲ್ಲಿ ಹತ್ತು ನಿಮಿಷದ ವಿವರಣೆ ಒಂದೆರಡು ಎಂಬಿಯಲ್ಲಿ ಮುಗಿಯುತ್ತದೆ. ಜೊತೆಗೆ ಬೋರ್ಡಿನ ಎರಡು ಫೋಟೊ ಹಾಕಿದರೆ ಪಾಠ ತಲುಪಿತು. ಈ ಲೆಕ್ಕ ಗೊತ್ತಿದ್ದವರೇ ತರಬೇತಿ ಪಡೆದ ಮೇಷ್ಟ್ರು ಎಂದು ನಾನಂತೂ ಹೇಳುತ್ತೇನೆ. ಪಾವಗಡದಲ್ಲಿ ಇನ್ನೊಂದು ತೊಡಕಿದೆ. ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು ಅದು. ಮನೆಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ, ಆ್ಯಪಿನ ಮೆನುವಿನಲ್ಲಿ ಇಂಗ್ಲಿಷ್. ಗುಂಡಿಯ ಹೆಸರನ್ನು ಒಮ್ಮೆ ಕನ್ನಡದಲ್ಲಿ ಬಿಡಿಸಿ ಹೇಳುವುದೂ ಪಾಠದ ಭಾಗವೇ ಆಗುತ್ತದೆ.

ಉಪಕರಣದಿಂದ ಕಲಿಕೆಗೆ ಖಚಿತ ಲಾಭ ಎಲ್ಲಿ? ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಒಮ್ಮೆ ಓದಿ, ಆಮೇಲೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದೆ: ಶೇ 81ಕ್ಕೆ ಶೇ 75. ಒಂದು ವಾರದ ಮೇಲೆ ಲೆಕ್ಕ ತಿರುಗಿತು. ಎರಡು ಸಲ ಓದಿದವರಿಗೆ ಶೇ 42 ನೆನಪು, ನೆನಪಿನಿಂದ ಬರೆದವರಿಗೆ ಶೇ 56. ತ್ರಿಕೋನದ ಚಿತ್ರದಲ್ಲಿರುವ ಅಂಕಿಗೂ ಈ ಅಂಕಿಗೂ ವ್ಯತ್ಯಾಸ ನೋಡಿ. ಇಲ್ಲಿ ಯಾರು, ಏನು, ಯಾವಾಗ ಎಂಬುದೆಲ್ಲ ಇದೆ.

ಅಂದರೆ ವಾರದ ಮೊದಲ ತರಗತಿಯಲ್ಲಿ ಹಿಂದಿನ ವಾರದ ಐದು ಪ್ರಶ್ನೆ ಕೇಳುವುದು ಒಂದು ಚಂದದ ವಿಡಿಯೊ ತೋರಿಸುವುದಕ್ಕಿಂತ ಮೇಲು. ಗೂಗಲ್ ಫಾರ್ಮಿನಲ್ಲಿ ಕೇಳಿದರೆ ಅಂಕ ತಾನೇ ಲೆಕ್ಕವಾಗುತ್ತದೆ. ಎಲ್ಲರ ಬಳಿ ಫೋನಿಲ್ಲದಿದ್ದರೆ 'ಪ್ಲಿಕರ್ಸ್' ಎಂಬ ಆ್ಯಪ್ ಇದೆ. ವಿದ್ಯಾರ್ಥಿಗಳ ಕೈಗೆ ಮುದ್ರಿತ ಕಾಗದದ ಕಾರ್ಡು ಕೊಟ್ಟು, ಉತ್ತರಕ್ಕೆ ತಕ್ಕಂತೆ ತಿರುಗಿಸಿ ಎತ್ತಿ ಹಿಡಿಯಲು ಹೇಳಿ, ಮೇಷ್ಟ್ರು ತಮ್ಮ ಒಂದೇ ಫೋನಿನ ಕ್ಯಾಮೆರಾ ಹಾಯಿಸಿದರೆ ಯಾರದು ಸರಿ ಯಾರದು ತಪ್ಪು ಎಂದು ತೋರಿಸುತ್ತದೆ. ಅದೂ ಬೇಡವೆಂದರೆ ಹಾಳೆಯ ಮೇಲೆ ಬರೆಸಿ. ನೆನಪಿಗೆ ಪೆನ್ನು, ಫೋನು ಎಂಬ ಭೇದವಿಲ್ಲ.

ತರಬೇತಿ ಪಟ್ಟಿಯಲ್ಲಿ ಯಾರ ಹೆಸರಿಲ್ಲ?

ಕಾಯಂ ಅಧ್ಯಾಪಕರಿಗೆ ಬಡ್ತಿಗಾಗಿ ಓರಿಯಂಟೇಶನ್, ರಿಫ್ರೆಶರ್ ಕೋರ್ಸು ಬೇಕು. ಯುಜಿಸಿಯ 2018ರ ನಿಯಮದ ಪ್ರಕಾರ ಆನ್‌ಲೈನ್ ಕೋರ್ಸುಗಳೂ ಲೆಕ್ಕಕ್ಕೆ ಬರುತ್ತವೆ. ಹೀಗಾಗಿ ಅವರು ಹೋಗುತ್ತಾರೆ, ರಜೆಯೂ ಸಿಗುತ್ತದೆ. ಆದರೆ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಾರೆ. ಅವರಿಗೆ ಬಡ್ತಿಯೇ ಇಲ್ಲ, ಮುಂದಿನ ವರ್ಷ ಕೆಲಸ ಇರುತ್ತದೆಯೇ ಎಂಬ ಖಾತ್ರಿಯೂ ಇಲ್ಲ. 2022ರ ಜನವರಿಯಲ್ಲಿ, ದೀರ್ಘ ಮುಷ್ಕರದ ಬಳಿಕ, ಗೌರವಧನ ಗರಿಷ್ಠ ತಿಂಗಳಿಗೆ 32,000 ರೂಪಾಯಿಗೆ ಏರಿತು. ಇಂಥವರು ಸ್ವಂತ ಡೇಟಾ ಖರ್ಚಿನಲ್ಲಿ, ಸ್ವಂತ ಲ್ಯಾಪ್‌ಟಾಪಿನಲ್ಲಿ, ಭಾನುವಾರ ಕೂತು ವಿಡಿಯೊ ಪಾಠ ಮಾಡಲಿ ಎಂದು ನಿರೀಕ್ಷಿಸುವುದು ನ್ಯಾಯವೇ? ತರಬೇತಿಯ ದಿನವನ್ನು ಕೆಲಸದ ಗಂಟೆಯಾಗಿ ಎಣಿಸಿ ಗೌರವಧನ ಕೊಡದೆ ಹೋದರೆ, ಎಷ್ಟೋ ತರಗತಿಗಳ ಬಾಗಿಲಿಗೂ ಈ ಯೋಜನೆ ತಲುಪುವುದಿಲ್ಲ.

ಇನ್ನೊಂದು ಗುಂಪು ಕಚೇರಿಯ ಸಿಬ್ಬಂದಿ. ಡಿಜಿಟಲ್ ಶಿಕ್ಷಣ ಎಂದಾಗ ಎಫ್‌ಡಿಎ, ಎಸ್‌ಡಿಎಗಳ ನೆನಪು ಯಾರಿಗೂ ಬರುವುದಿಲ್ಲ. 2021ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಶುಲ್ಕ, ಪರೀಕ್ಷೆ, ಅಂಕ ಎಲ್ಲವೂ 'ಯುಯುಸಿಎಂಎಸ್' ಎಂಬ ಏಕೀಕೃತ ಪೋರ್ಟಲಿಗೆ ಬಂದವು. ವಿದ್ಯಾರ್ಥಿವೇತನಕ್ಕೆ 'ಎಸ್‌ಎಸ್‌ಪಿ' ಎಂಬ ಇನ್ನೊಂದು ಪೋರ್ಟಲ್. ಲಕ್ಷ್ಮೀದೇವಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಮುಂದೆ, ಕಾಲೇಜಿನ ದಾಖಲೆಯಲ್ಲಿ ಹಿಂದೆ. ಪೋರ್ಟಲ್ ಹೆಸರನ್ನು ತಾಳೆ ನೋಡುವಾಗ ಅಕ್ಷರ ನೋಡುತ್ತದೆ, ಹುಡುಗಿಯ ಮುಖ ನೋಡುವುದಿಲ್ಲ. ವಿದ್ಯಾರ್ಥಿವೇತನ ಸಿಕ್ಕಿಕೊಂಡರೆ ಆ ಮನೆಯಲ್ಲಿ ಮುಂದಿನ ಸೆಮಿಸ್ಟರಿನ ಫೀಸಿನ ಜೊತೆಗೆ 'ಓದು ಸಾಕು' ಎಂಬ ಮಾತೂ ಬರಬಹುದು. ಪ್ರವೇಶದ ದಿನವೇ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ಹೆಸರು ಹೊಂದಿಸಿ ನೋಡುವ ಅಭ್ಯಾಸ ಹೇಳಿಕೊಡಲು ಎರಡು ಗಂಟೆ ಸಾಕು.

ಅದೇ ಕೌಂಟರಿನಲ್ಲಿ ಇನ್ನೊಂದು ಕೆಲಸವೂ ಇದೆ. 'ಪದವಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್, ಈ ಲಿಂಕ್ ಒತ್ತಿ, ಹತ್ತು ಜನಕ್ಕೆ ಕಳಿಸಿ' ಎಂಬ ಸಂದೇಶ ಪ್ರವೇಶದ ಕಾಲಕ್ಕೆ ನಿಮಗೂ ಬಂದಿರಬಹುದು. ಇಂಥ ಲ್ಯಾಪ್‌ಟಾಪ್ ಸಂದೇಶಗಳನ್ನು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹಲವು ಸಲ ಸುಳ್ಳೆಂದು ಹೇಳಿದೆ. ಸರ್ಕಾರ ನಿಜವಾಗಿಯೂ ಟ್ಯಾಬ್, ಲ್ಯಾಪ್‌ಟಾಪ್ ಕೊಟ್ಟದ್ದಿರುವುದರಿಂದಲೇ ಸುಳ್ಳು ಸಂದೇಶ ನಂಬುವಂತೆ ಕಾಣುತ್ತದೆ. ಯುಯುಸಿಎಂಎಸ್ ಮತ್ತು ಎಸ್‌ಎಸ್‌ಪಿ ಎರಡರ ವಿಳಾಸವೂ 'ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್' ಎಂದು ಮುಗಿಯುತ್ತದೆ. ವಿಳಾಸದ ಮಧ್ಯದಲ್ಲೆಲ್ಲೋ ಕರ್ನಾಟಕ ಎಂದಿದ್ದರೆ ಸಾಲದು, ಕೊನೆ ನೋಡಬೇಕು. ಹತ್ತು ಜನಕ್ಕೆ ಕಳಿಸಿದರೆ ಮಾತ್ರ ಸೌಲಭ್ಯ ಎಂದು ಯಾವ ಇಲಾಖೆಯೂ ಷರತ್ತು ಹಾಕುವುದಿಲ್ಲ, ಫೋನು ಮಾಡಿ ಒಟಿಪಿ ಕೇಳುವುದೂ ಇಲ್ಲ. ಅನುಮಾನವಿದ್ದರೆ ಲಿಂಕನ್ನು ಒತ್ತದೆ ಕಾಲೇಜಿನ ಕಚೇರಿಗೆ ತೋರಿಸಿ. ಅಲ್ಲಿ ಕೂತವರಿಗೆ ಇದನ್ನು ಗುರುತಿಸಲು ಹೇಳಿಕೊಟ್ಟಿದ್ದಾರೆಯೇ ಎಂದು ಪ್ರಾಂಶುಪಾಲರನ್ನು ಕೇಳಿ.